ಟೈಕೊ ಕುಳಿ: ಹುಣ್ಣಿಮೆ ಚಂದ್ರನ ಬಿಳಿ ಚುಕ್ಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಮೈದಾನದಲ್ಲೋ ಮನೆಯ ತಾರಸಿಯಲ್ಲೋ ಟೆಲಿಸ್ಕೋಪ್ ಇಟ್ಟು ಚಂದ್ರನನ್ನು ತೋರಿಸಿದರೆ, ಜನ ಮೊದಲು ಕೇಳುವುದು ಇದನ್ನೇ: "ಒಂದು ಕಡೆ ಬೆಳ್ಳಗೆ ಹೊಳೆಯುತ್ತಾ ಇದೆ, ಅದರಿಂದ ಸುತ್ತ ಗೆರೆಗಳು ಹೊರಟಿವೆ. ಏನದು?" ಅದೇ ಟೈಕೊ. ಚಂದ್ರನ ಮೇಲೆ ಇದಕ್ಕಿಂತ ದೊಡ್ಡ ಕುಳಿಗಳು ಬೇಕಾದಷ್ಟಿವೆ. ಆದರೆ ದೊಡ್ಡ ಕುಳಿಗಳಲ್ಲಿ ಇಷ್ಟು ಹೊಸದು, ಇಷ್ಟು ಚೆನ್ನಾಗಿ ಕಾಣುವುದು ಮತ್ತೊಂದಿಲ್ಲ. ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಟೈಕೊ ಅಂದರೆ ಏನು? ಎಷ್ಟು ದೊಡ್ಡದು?

ಚಂದ್ರನ ನಮಗೆ ಕಾಣುವ ಮುಖದ ದಕ್ಷಿಣ ಭಾಗದಲ್ಲಿ, ಸುಮಾರು 43 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಇರುವ ಕುಳಿ ಇದು. ಬಾಹ್ಯಾಕಾಶದಿಂದ ಬಂದ ಬಂಡೆ ಅಪ್ಪಳಿಸಿ ಆದದ್ದು. ಅಗಲ ಸುಮಾರು 85 ಕಿ.ಮೀ. ಅಂಚಿನಿಂದ ತಳಕ್ಕೆ 4.7 ಕಿ.ಮೀ.ಯಷ್ಟು ಆಳ. ನಟ್ಟನಡುವೆ ಒಂದು ಬೆಟ್ಟವಿದೆ, ಅದು ತಳದಿಂದ ಸುಮಾರು 2 ಕಿ.ಮೀ. ಎತ್ತರ. ಒಳಗೋಡೆಗಳು ಮೆಟ್ಟಿಲು ಮೆಟ್ಟಿಲಾಗಿ ಕುಸಿದು ನಿಂತಿವೆ.

ಬರಿಗಣ್ಣಿಗೆ ಕಾಣುತ್ತದಾ?

ಕುಳಿಯ ಆಕಾರ ಕಾಣುವುದಿಲ್ಲ. ಇಲ್ಲಿಂದ ನೋಡಿದರೆ ಅದರ ಅಗಲ ನಮ್ಮ ಕಣ್ಣು ಬಿಡಿಸಿ ನೋಡಬಲ್ಲ ಮಿತಿಗಿಂತ ಸ್ವಲ್ಪ ಕಡಿಮೆ. ಆದರೆ ಹುಣ್ಣಿಮೆಯ ದಿನ ಅದರ ಸುತ್ತ ಹರಡಿರುವ ಬಿಳುಪು ಒಂದು ಹೊಳೆಯುವ ಮಚ್ಚೆಯಾಗಿ ಖಂಡಿತ ಕಾಣುತ್ತದೆ. ನಾವು ಚಿಕ್ಕಂದಿನಿಂದ ಚಂದ್ರನಲ್ಲಿ ನೋಡುವ ಮೊಲ ಕಪ್ಪು ಲಾವಾ ಬಯಲುಗಳಿಂದ ಆದದ್ದು. ಟೈಕೊ ಇರುವುದು ಆ ಮೊಲದ ಹೊರಗೆ, ಬೆಳ್ಳಗಿನ ಜಾಗದಲ್ಲಿ.

ಒಂದೊಂದು ಸಲ ಒಂದೊಂದು ಕಡೆ ಕಾಣುತ್ತದಲ್ಲ, ಯಾಕೆ?

ಟೈಕೊ ಅಲ್ಲೇ ಇರುತ್ತದೆ, ನಮಗೆ ಚಂದ್ರ ತಿರುಗಿದ ಹಾಗೆ ಕಾಣುತ್ತಾನೆ ಅಷ್ಟೇ. ಪುಸ್ತಕದ ಚಿತ್ರಗಳಲ್ಲಿ ಟೈಕೊ ಯಾವಾಗಲೂ ಕೆಳಗಿರುತ್ತದೆ. ಅದನ್ನೇ ನಂಬಿ ಹೊರಗೆ ಬಂದವರಿಗೆ ಗೊಂದಲ ಆಗುತ್ತದೆ.

ಹುಣ್ಣಿಮೆಯ ಸಂಜೆ ಚಂದ್ರ ಪೂರ್ವದಲ್ಲಿ ಹುಟ್ಟುವಾಗ ಅವನ ಉತ್ತರ ತುದಿ ನಮ್ಮ ಎಡಗಡೆಗೆ ಇರುತ್ತದೆ. ಹಾಗಾಗಿ ಟೈಕೊ ಬಲಗಡೆ. ಬೆಳಗಿನ ಜಾವ ಪಶ್ಚಿಮದಲ್ಲಿ ಮುಳುಗುವಾಗ ಅದೇ ಟೈಕೊ ಎಡಗಡೆ. ನಡುರಾತ್ರಿಯ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಮೇ, ಜೂನ್ ಹುಣ್ಣಿಮೆಗಳಲ್ಲಿ ಚಂದ್ರ ದಕ್ಷಿಣಕ್ಕೆ ವಾಲಿರುತ್ತಾನೆ. ಆ ಕಡೆ ಮುಖ ಮಾಡಿ ನೋಡಿದರೆ ಟೈಕೊ ಚಿತ್ರದಲ್ಲಿ ಇದ್ದ ಹಾಗೇ ಕೆಳಗೆ. ಡಿಸೆಂಬರ್ ಹುಣ್ಣಿಮೆಗೆ ಕರ್ನಾಟಕದಲ್ಲಿ ಚಂದ್ರ ನೆತ್ತಿ ದಾಟಿ ಉತ್ತರದ ಕಡೆ ಇರುತ್ತಾನೆ. ಉತ್ತರಕ್ಕೆ ಮುಖ ಮಾಡಿದರೆ ಟೈಕೊ ಮೇಲೆ! ಯುರೋಪಿನವರಿಗೆ ಈ ಭಾಗ್ಯ ಇಲ್ಲ, ಅವರಿಗೆ ಚಂದ್ರ ಯಾವಾಗಲೂ ದಕ್ಷಿಣದಲ್ಲೇ.

ಟೆಲಿಸ್ಕೋಪಿನಲ್ಲಿ ಇನ್ನೊಂದು ಮಜಲು ಸೇರುತ್ತದೆ. ಕನ್ನಡಿ ಟೆಲಿಸ್ಕೋಪ್ ಚಿತ್ರವನ್ನು ತಲೆಕೆಳಗು ಮಾಡುತ್ತದೆ. ಹಿಂಬದಿಯಲ್ಲಿ ಚಪ್ಪಟೆ ಕನ್ನಡಿಯನ್ನು ಓರೆಯಾಗಿ ಹಾಕಿದ ಲೆನ್ಸ್ ಟೆಲಿಸ್ಕೋಪ್ ಎಡ ಬಲ ಅದಲು ಬದಲು ಮಾಡುತ್ತದೆ. ಬೈನಾಕ್ಯುಲರ್‌ನಲ್ಲಿ ಈ ತೊಂದರೆ ಇಲ್ಲ.

ಯಾವ ದಿನ ನೋಡಿದರೆ ಒಳ್ಳೆಯದು? ಹುಣ್ಣಿಮೆಗೇ ಅಲ್ವಾ?

ಗೆರೆಗಳನ್ನು ನೋಡಬೇಕಾದರೆ ಹುಣ್ಣಿಮೆ. ಕುಳಿಯನ್ನು ನೋಡಬೇಕಾದರೆ ಶುಕ್ಲ ಪಕ್ಷದ ನವಮಿ, ದಶಮಿ. ಈ ಒಂದು ಮಾತು ನೆನಪಿಟ್ಟುಕೊಂಡರೆ ಟೈಕೊ ನಿಮಗೆ ಅರ್ಧ ಪರಿಚಯ ಆದ ಹಾಗೆ. ಇದಕ್ಕೆ ಆ್ಯಪ್ ಏನೂ ಬೇಕಾಗಿಲ್ಲ, ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ನೋಡಿಕೊಂಡರೆ ಸಾಕು. ತಿಥಿ ಅಂದರೇ ಸೂರ್ಯನಿಗೂ ಚಂದ್ರನಿಗೂ ಇರುವ ಕೋನದ ಲೆಕ್ಕ ತಾನೆ. ಚಂದ್ರನ ಮೇಲೆ ಎಲ್ಲಿ ಬೆಳಗಾಗುತ್ತಿದೆ ಅನ್ನುವುದನ್ನು ಅದು ನೇರವಾಗಿ ಹೇಳಿಬಿಡುತ್ತದೆ.

ಅಷ್ಟಮಿಯ ಹೊತ್ತಿಗೆ ಚಂದ್ರ ಅರ್ಧ ತುಂಬಿರುತ್ತಾನೆ. ಅಲ್ಲಿಂದ ಹೆಚ್ಚು ಕಡಿಮೆ ಒಂದು ದಿನಕ್ಕೆ ಬೆಳಕು ಮತ್ತು ಕತ್ತಲಿನ ಗಡಿ ಟೈಕೊ ತಲುಪುತ್ತದೆ. ಆಗ ಅಲ್ಲಿ ಸೂರ್ಯೋದಯ. ಬಿಸಿಲು ಮೊದಲು ಬೀಳುವುದು ಅಂಚಿನ ಮೇಲೆ, ಪಶ್ಚಿಮದ ಗೋಡೆಯ ಮೇಲೆ. ತಳವೆಲ್ಲ ಇನ್ನೂ ಗಾಢ ಕತ್ತಲೆ. ಚಂದ್ರನಲ್ಲಿ ಗಾಳಿ ಇಲ್ಲದ್ದರಿಂದ ನಸುಬೆಳಕು ಅನ್ನುವುದೇ ಇಲ್ಲ, ನೆರಳು ಅಂದರೆ ಅಪ್ಪಟ ಕಪ್ಪು. ಆಮೇಲೆ, ಸೂರ್ಯ ಸ್ವಲ್ಪ ಮೇಲೇರಿದಾಗ, ಆ ಕಪ್ಪಿನ ಮಧ್ಯೆ ಒಂದೇ ಒಂದು ಬಿಳಿ ಚುಕ್ಕೆ ಹೊತ್ತಿಕೊಳ್ಳುತ್ತದೆ. ಅದು ನಡುವಿನ ಬೆಟ್ಟದ ತುದಿ. ಎರಡು ಮೂರು ಗಂಟೆ ಬಿಟ್ಟು ಮತ್ತೆ ನೋಡಿ. ಚುಕ್ಕೆ ದೊಡ್ಡದಾಗಿರುತ್ತದೆ, ಗೋಡೆಯ ಮೇಲೆ ಇನ್ನೊಂದು ಮೆಟ್ಟಿಲಿಗೆ ಬಿಸಿಲು ಇಳಿದಿರುತ್ತದೆ. ಚಂದ್ರನನ್ನು ನೋಡುವುದರಲ್ಲಿ ನನಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದಿಲ್ಲ. ಚಂದ್ರ ನಮ್ಮ ಕಡೆಗೆ ಸ್ವಲ್ಪ ಆಚೆ ಈಚೆ ಓಲಾಡುವುದರಿಂದ ಈ ಗಳಿಗೆ ಪ್ರತಿ ತಿಂಗಳು ಒಂದಷ್ಟು ಹಿಂದೆ ಮುಂದೆ ಆಗುತ್ತದೆ. ನವಮಿಗೆ ತಪ್ಪಿದರೆ ದಶಮಿಗೆ ನೋಡಿ, ಆಗ ತಳಕ್ಕೂ ಬೆಳಕು ಬಂದಿರುತ್ತದೆ.

ಹಾಗಾದರೆ ಹುಣ್ಣಿಮೆಗೆ ಕುಳಿ ಯಾಕೆ ಕಾಣುವುದಿಲ್ಲ?

ಹುಣ್ಣಿಮೆಯ ದಿನ ಸೂರ್ಯ ನಮ್ಮ ಬೆನ್ನ ಹಿಂದಿನಿಂದ ಬೆಳಕು ಬಿಟ್ಟ ಹಾಗೆ ಇರುತ್ತದೆ. ನೆರಳುಗಳು ಆಯಾ ಬೆಟ್ಟದ ಹಿಂದೆಯೇ ಅಡಗಿರುತ್ತವೆ. ನೆರಳಿಲ್ಲದೆ ಆಳ ತಿಳಿಯುವುದಿಲ್ಲ. ಆಗ ನಮಗೆ ಕಾಣುವುದು ಬಣ್ಣದ ವ್ಯತ್ಯಾಸ ಮಾತ್ರ, ಯಾವುದು ಬಿಳಿ, ಯಾವುದು ಕಪ್ಪು ಅಂತ. ಪಕ್ಕದಲ್ಲಿರುವ ದೈತ್ಯ ಕುಳಿಗಳೆಲ್ಲ ಅವತ್ತು ಹುಡುಕಿದರೂ ಸಿಗುವುದಿಲ್ಲ. ಟೈಕೊ ಮಾತ್ರ ಇಡೀ ದಕ್ಷಿಣವನ್ನು ಆಳುತ್ತದೆ.

ಆ ಬಿಳಿ ಗೆರೆಗಳು ಏನು?

ಸುಣ್ಣದ ಉಂಡೆಯನ್ನು ಜೋರಾಗಿ ನೆಲಕ್ಕೆ ಹೊಡೆದರೆ ಸುತ್ತ ಪಟ್ಟೆ ಪಟ್ಟೆಯಾಗಿ ಚಿಮ್ಮುತ್ತದಲ್ಲ, ಹಾಗೆ. ಡಿಕ್ಕಿಯಾದಾಗ ಒಳಗಿನ ಕಲ್ಲು ಪುಡಿಯಾಗಿ ಎಲ್ಲಾ ಕಡೆ ಎರಚಿತು. ಚಂದ್ರನ ಗುರುತ್ವ ಭೂಮಿಯ ಆರನೇ ಒಂದು ಭಾಗ. ತಡೆಯುವುದಕ್ಕೆ ಗಾಳಿಯೂ ಇಲ್ಲ. ಹಾಗಾಗಿ ಆ ಪುಡಿ, ಕಲ್ಲು ದೂರ ದೂರ ಹಾರಿದವು. ಕೆಲವು ಗೆರೆಗಳು 1500 ಕಿ.ಮೀ. ತನಕ ಹೋಗಿವೆ. ದೊಡ್ಡ ತುಂಡುಗಳು ಬಿದ್ದ ಕಡೆ ಸಣ್ಣ ಸಣ್ಣ ಕುಳಿಗಳೂ ಆಗಿ, ಅಲ್ಲಿನ ಮಣ್ಣೂ ಕೆದರಿ ಬೆಳ್ಳಗಾಯಿತು.

ಈ ಬಿಳುಪು ಶಾಶ್ವತ ಅಲ್ಲ. ಸೂರ್ಯನಿಂದ ಸದಾ ಬೀಸುವ ಕಣಗಳು, ಬೀಳುತ್ತಲೇ ಇರುವ ಪುಟಾಣಿ ಉಲ್ಕೆಗಳು ಚಂದ್ರನ ಮೇಲ್ಮಣ್ಣನ್ನು ನಿಧಾನವಾಗಿ ಕಪ್ಪಾಗಿಸುತ್ತವೆ. ಸುಮಾರು ನೂರು ಕೋಟಿ ವರ್ಷದಲ್ಲಿ ಇಂಥ ಗೆರೆಗಳು ಮಾಸಿಹೋಗುತ್ತವೆ. ಹೋಲಿಸಿ ನೋಡಬೇಕು ಅನಿಸಿದರೆ ಅದೇ ರಾತ್ರಿ ಉತ್ತರಕ್ಕೆ ಹೋಗಿ ಕೋಪರ್ನಿಕಸ್ ಕುಳಿ ನೋಡಿ. ಅದು ಟೈಕೊಗಿಂತ ತುಸು ದೊಡ್ಡದು, 93 ಕಿ.ಮೀ. ವಯಸ್ಸು ಸುಮಾರು 80 ಕೋಟಿ ವರ್ಷ. ಅದಕ್ಕೂ ಗೆರೆಗಳಿವೆ, ಆದರೆ ಟೈಕೊದಷ್ಟು ಹೊಳಪಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಹುಣ್ಣಿಮೆಗೆ ಟೈಕೊ ಅಂಚಿನ ಹೊರಗೆ ಒಂದು ಕಪ್ಪು ಬಳೆ ಕಾಣುತ್ತದೆ. ಡಿಕ್ಕಿಯ ಶಾಖಕ್ಕೆ ಕರಗಿ, ಗಾಜಿನಂತೆ ಗಟ್ಟಿಯಾದ ಕಲ್ಲು ಅಲ್ಲಿ ಹರಡಿದೆ. ಚಿಕ್ಕ ಟೆಲಿಸ್ಕೋಪಿನಲ್ಲೂ ಕಾಣುವ ಬಳೆ ಅದು. ಗೆರೆಗಳ ಗಲಾಟೆಯಲ್ಲಿ ಬಹಳ ಜನ ಅದನ್ನು ಗಮನಿಸುವುದೇ ಇಲ್ಲ.

ಗೆರೆಗಳು ಎಲ್ಲಾ ದಿಕ್ಕಿಗೂ ಒಂದೇ ಸಮ ಇಲ್ಲವಲ್ಲ?

ಸರಿಯಾಗಿ ಗಮನಿಸಿದ್ದೀರಿ. ಪಶ್ಚಿಮದ ಕಡೆ ಗೆರೆಗಳು ಕಡಿಮೆ, ಪೂರ್ವಕ್ಕೆ ಜಾಸ್ತಿ. ಬಂಡೆ ನೆಟ್ಟಗೆ ಬೀಳದೆ ಪಶ್ಚಿಮದ ಕಡೆಯಿಂದ ಓರೆಯಾಗಿ ಬಂದಿತ್ತು ಅನ್ನುವುದಕ್ಕೆ ಇದೇ ಗುರುತು. ಓರೆಯಾಗಿ ಬಂದರೂ ಕುಳಿ ದುಂಡಗೇ ಆಗುತ್ತದೆ. ಯಾಕೆಂದರೆ ಸೆಕೆಂಡಿಗೆ ಹತ್ತಾರು ಕಿ.ಮೀ. ವೇಗದಲ್ಲಿ ಬಂದ ಬಂಡೆ ನೆಲವನ್ನು ಸುಮ್ನೆ ಅಗೆಯುವುದಿಲ್ಲ, ಬಾಂಬಿನಂತೆ ಸಿಡಿಯುತ್ತದೆ. ಸಿಡಿತ ಎಲ್ಲಾ ಕಡೆಗೂ ಸಮನಾಗಿ ಹೋಗುತ್ತದೆ. ಟೈಕೊ ಆಗುವುದಕ್ಕೆ ಬಂದ ಬಂಡೆಯ ಅಗಲ 8ರಿಂದ 10 ಕಿ.ಮೀ. ಇದ್ದಿರಬಹುದು ಎಂದು ಅಂದಾಜು.

ನಡುವೆ ಬೆಟ್ಟ ಎಲ್ಲಿಂದ ಬಂತು? ಬಿದ್ದ ಬಂಡೆಯೇ ಅದಾ?

ಅಲ್ಲ. ಬಿದ್ದ ಬಂಡೆ ಬಹುಪಾಲು ಆವಿಯಾಗಿ, ಕರಗಿ ಹೋಯಿತು. ಬೆಟ್ಟ ಚಂದ್ರನದ್ದೇ. ಅಷ್ಟು ದೊಡ್ಡ ಹೊಡೆತಕ್ಕೆ ನೆಲದಡಿಯ ಕಲ್ಲು ಒಳಕ್ಕೆ ಒತ್ತಿಹೋಗಿ, ಒತ್ತಡ ಬಿಟ್ಟ ಕೂಡಲೇ ಮೇಲಕ್ಕೆ ಪುಟಿಯಿತು. ಪುಟಿದ ಕಲ್ಲು ಅಲ್ಲೇ ನಿಂತಿತು. ಅದೇ ಹೊತ್ತಿಗೆ ಗೋಡೆಗಳು ಭಾರ ತಾಳದೆ ಒಳಕ್ಕೆ ಕುಸಿದು ಮೆಟ್ಟಿಲಾದವು. ಇದೆಲ್ಲ ಕೆಲವೇ ನಿಮಿಷಗಳ ಕೆಲಸ. ಚಂದ್ರನ ಮೇಲೆ ಸುಮಾರು 20 ಕಿ.ಮೀ.ಗಿಂತ ಚಿಕ್ಕ ಕುಳಿಗಳಿಗೆ ಸಾಮಾನ್ಯವಾಗಿ ಇಂಥ ಬೆಟ್ಟ ಇರುವುದಿಲ್ಲ, ಅವು ಬರೀ ಬೋಗುಣಿ.

ವಿಜ್ಞಾನಿಗಳಿಗೆ ಈ ಬೆಟ್ಟ ಯಾಕೆ ಮುಖ್ಯ ಅಂದರೆ, ಕಿಲೋಮೀಟರುಗಟ್ಟಲೆ ಆಳದ ಕಲ್ಲು ಅಗೆಯದೇ ಮೇಲೆ ಬಂದು ಕೂತಿದೆ. ನಮ್ಮ ಚಂದ್ರಯಾನ-1ರ ಮಾಹಿತಿ ಇಟ್ಟುಕೊಂಡು ಭಾರತದ ವಿಜ್ಞಾನಿಗಳು ಈ ಬೆಟ್ಟದ ಕಲ್ಲುಗಳನ್ನು ಅಧ್ಯಯನ ಮಾಡಿದ್ದಾರೆ. 2011ರಲ್ಲಿ ಚಂದ್ರನನ್ನು ಸುತ್ತುವ ನಾಸಾದ ನೌಕೆ ಲೂನಾರ್ ರಿಕನೈಸಾನ್ಸ್ ಆರ್ಬಿಟರ್ ಸೂರ್ಯೋದಯದ ಹೊತ್ತಿನಲ್ಲಿ ತೆಗೆದ ಚಿತ್ರವನ್ನು ತಪ್ಪದೆ ಹುಡುಕಿ ನೋಡಿ. ಶಿಖರದ ನೆತ್ತಿಯಲ್ಲಿ ಒಂದು ತಗ್ಗು, ಆ ತಗ್ಗಿನಲ್ಲಿ ಒಂದು ಒಂಟಿ ಬಂಡೆ. ಅದರ ಅಗಲ ಸುಮಾರು 120 ಮೀಟರ್! ಸುತ್ತ ಕರಗಿದ ಕಲ್ಲು ಹರಿದು ಹೆಪ್ಪುಗಟ್ಟಿ, ಬಿರುಕು ಬಿಟ್ಟಿದೆ.

ಇದು ಜ್ವಾಲಾಮುಖಿಯ ಬಾಯಿ ಆಗಿರಬಾರದೇಕೆ?

ಬಹಳ ಕಾಲ ಹಾಗೇ ನಂಬಿದ್ದರು. 20ನೇ ಶತಮಾನದ ನಡುವಿನ ತನಕವೂ ಈ ವಾದ ನಡೆದೇ ಇತ್ತು. ಅಪೊಲೊ ಯಾತ್ರಿಗಳು ತಂದ ಕಲ್ಲುಗಳಲ್ಲಿ ಭಾರೀ ಹೊಡೆತದ ಗುರುತುಗಳು ಸಿಕ್ಕ ಮೇಲೆ ಅನುಮಾನ ಉಳಿಯಲಿಲ್ಲ. ಇಂಥದ್ದನ್ನು ಹತ್ತಿರದಿಂದ ನೋಡುವ ಆಸೆ ಇದ್ದರೆ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್‌ಗೆ ಹೋಗಿ ಬನ್ನಿ. ಅದೂ ಅಪ್ಪಳಿಕೆಯ ಕುಳಿಯೇ, ಅಗಲ ಸುಮಾರು 1.8 ಕಿ.ಮೀ. ದಖ್ಖನ್ನಿನ ಕಪ್ಪು ಲಾವಾ ಕಲ್ಲಿನಲ್ಲಿ ಆದದ್ದರಿಂದ ಚಂದ್ರನ ಅಧ್ಯಯನ ಮಾಡುವವರೂ ಅಲ್ಲಿಗೆ ಬರುತ್ತಾರೆ.

ಟೈಕೊ ವಯಸ್ಸು ಎಷ್ಟು? ಅಲ್ಲಿಗೆ ಯಾರೂ ಹೋಗಿಲ್ಲ, ಹೇಗೆ ಗೊತ್ತಾಯಿತು?

ಸುಮಾರು 10.8 ಕೋಟಿ ವರ್ಷ. ಇದು ಗೊತ್ತಾದ ದಾರಿ ನನಗಂತೂ ಪತ್ತೇದಾರಿ ಕತೆಯಷ್ಟೇ ರೋಚಕ.

1972ರ ಡಿಸೆಂಬರಿನಲ್ಲಿ ಅಪೊಲೊ 17ರ ಯೂಜಿನ್ ಸರ್ನನ್ ಮತ್ತು ಹ್ಯಾರಿಸನ್ ಶ್ಮಿಟ್ ಇಳಿದದ್ದು ಟಾರಸ್-ಲಿಟ್ರೋ ಎಂಬ ಕಣಿವೆಯಲ್ಲಿ. ಟೈಕೊದಿಂದ ಅದು 2200 ಕಿ.ಮೀ.ಗೂ ದೂರ. ಆ ಕಣಿವೆಯ ದಕ್ಷಿಣಕ್ಕೆ ಒಂದು ದೊಡ್ಡ ಬೆಟ್ಟ. ಅದರಿಂದ ಬೆಳ್ಳಗಿನ ಮಣ್ಣು ಕಣಿವೆಯ ತಳಕ್ಕೆ ಜಾರಿ ಬಂದು ಹರಡಿತ್ತು. ಹತ್ತಿರದಲ್ಲೇ ಒಂದಷ್ಟು ಕುಳಿಗಳ ಗುಂಪು. ಚಿತ್ರಗಳನ್ನು ಜೋಡಿಸಿ ನೋಡಿದಾಗ ಇವು ಟೈಕೊದಿಂದ ಹಾರಿ ಬಂದ ಕಲ್ಲುಗಳು ಬಿದ್ದ ಜಾಗ ಅನಿಸಿತು. ಅದೇ ಕಲ್ಲುಗಳು ಬೆಟ್ಟಕ್ಕೆ ಬಡಿದು ಮಣ್ಣು ಜಾರಿಸಿದ್ದಿರಬೇಕು.

ಕಲ್ಲು ನೆಲದಡಿ ಹೂತಿದ್ದರೆ ಬಾಹ್ಯಾಕಾಶದ ವಿಶ್ವಕಿರಣಗಳು ಅದನ್ನು ಮುಟ್ಟುವುದಿಲ್ಲ. ಮೇಲೆ ಬಂದ ದಿನದಿಂದ ಆ ಕಿರಣಗಳು ಕಲ್ಲಿನೊಳಗೆ ಗುರುತು ಬಿಡುತ್ತಾ ಹೋಗುತ್ತವೆ. ತಂದ ಕಲ್ಲುಗಳಲ್ಲಿ ಆ ಗುರುತನ್ನು ಅಳೆದಾಗ ಬಂದ ಲೆಕ್ಕ 10 ಕೋಟಿ ವರ್ಷಕ್ಕಿಂತ ತುಸು ಜಾಸ್ತಿ. ಟೈಕೊದ್ದೇ ಕಲ್ಲು ಇನ್ನೂ ಯಾರ ಕೈಗೂ ಸಿಕ್ಕಿಲ್ಲ, ಆದ್ದರಿಂದ ಇದು ಸುತ್ತಿ ಬಳಸಿ ಬಂದ ಉತ್ತರ ಅನ್ನುವುದನ್ನು ಮರೆಯಬಾರದು. ಅದೇ ಜಾರಿದ ಮಣ್ಣಿನಿಂದ ಕೊಳವೆಯಲ್ಲಿ ತೆಗೆದು, ಗಾಳಿಯಾಡದಂತೆ ಮುಚ್ಚಿ ತಂದ ಒಂದು ಮಾದರಿಯನ್ನು ಸುಮಾರು 50 ವರ್ಷ ಹಾಗೇ ಇಟ್ಟಿದ್ದರು. ಮುಂದೆ ಒಳ್ಳೆಯ ಉಪಕರಣ ಬರಲಿ ಅಂತ ಕಾದರು. ಅದನ್ನು ತೆರೆದದ್ದು 2022ರಲ್ಲಿ.

ಡೈನೋಸಾರ್‌ಗಳನ್ನು ಕೊಂದ ಬಂಡೆಗೂ ಟೈಕೊಗೂ ಸಂಬಂಧ ಇದೆ ಅಂತ ಓದಿದ್ದೆ?

2007ರಲ್ಲಿ ಹಾಗೊಂದು ವಾದ ಬಂದಿತ್ತು. ಸುಮಾರು 16 ಕೋಟಿ ವರ್ಷದ ಹಿಂದೆ ಒಂದು ದೊಡ್ಡ ಕ್ಷುದ್ರಗ್ರಹ ಒಡೆದು ಬ್ಯಾಪ್ಟಿಸ್ಟಿನಾ ಎಂಬ ಗುಂಪಾಯಿತು, ಅದರ ಒಂದು ತುಂಡು ಟೈಕೊ ಮಾಡಿತು, ಇನ್ನೊಂದು 6.6 ಕೋಟಿ ವರ್ಷದ ಹಿಂದೆ ಮೆಕ್ಸಿಕೋದ ಚಿಕ್ಸುಲುಬ್‌ನಲ್ಲಿ ಬಿತ್ತು ಎಂಬುದು ಅದರ ಸಾರ. ಆಮೇಲೆ 2011ರಲ್ಲಿ ನಾಸಾದ ವೈಸ್ ಉಪಗ್ರಹದ ಅಳತೆಗಳು ಬಂದವು. ಆ ಗುಂಪು ಒಡೆದದ್ದೇ ಸುಮಾರು 8 ಕೋಟಿ ವರ್ಷದ ಹಿಂದೆ ಅಂತ ಕಂಡಿತು. ಅಂದರೆ ಅಷ್ಟು ಹೊತ್ತಿಗೆ ಟೈಕೊ ಆಗಿಹೋಗಿತ್ತು. ಹಾಗಾಗಿ ಆ ಕತೆಯನ್ನು ಈಗ ಬಿಟ್ಟುಬಿಡುವುದೇ ಸರಿ. ಒಂದು ಮಾತು ಮಾತ್ರ ನಿಜ. ಟೈಕೊ ಸಿಡಿದಾಗ ಭೂಮಿಯ ಮೇಲೆ ಡೈನೋಸಾರ್‌ಗಳು ಓಡಾಡುತ್ತಿದ್ದವು.

ಈ ಹೆಸರು ಯಾರದ್ದು?

ಡೆನ್ಮಾರ್ಕಿನ ಖಗೋಳಜ್ಞ ಟೈಕೊ ಬ್ರಾಹೆಯದು. 1546ರಲ್ಲಿ ಹುಟ್ಟಿ 1601ರಲ್ಲಿ ತೀರಿಕೊಂಡವನು. ಟೆಲಿಸ್ಕೋಪ್ ಬರುವುದಕ್ಕೂ ಮೊದಲೇ ಬರಿಗಣ್ಣಿನಲ್ಲಿ ಗ್ರಹಗಳ ಜಾಗವನ್ನು ಅಷ್ಟು ನಿಖರವಾಗಿ ಅಳೆದವನು ಮತ್ತೊಬ್ಬನಿಲ್ಲ. ಆ ಅಳತೆಗಳ ಮೇಲೆಯೇ ಕೆಪ್ಲರ್ ತನ್ನ ನಿಯಮಗಳನ್ನು ಕಟ್ಟಿದ. ಹೆಸರು ಇಟ್ಟವರು ಇಟಲಿಯ ಪಾದ್ರಿ ರಿಚಿಯೋಲಿ, 1651ರಲ್ಲಿ. ನಕ್ಷೆ ಬರೆದವರು ಅವರ ಜೊತೆಗಾರ ಗ್ರಿಮಾಲ್ಡಿ. ಭೂಮಿಯೇ ನಡುವೆ ಇದೆ ಎಂಬ ಟೈಕೊನ ಮಾದರಿಯತ್ತ ರಿಚಿಯೋಲಿ ಅವರ ಒಲವಿತ್ತು. ಎಲ್ಲಕ್ಕಿಂತ ಚೆನ್ನಾಗಿ ಹೊಳೆಯುವ ಕುಳಿ ಯಾರಿಗೆ ಹೋಯಿತು ನೋಡಿ!

ಸುತ್ತಮುತ್ತ ಏನೇನಿದೆ?

ಟೈಕೊ ಇರುವುದು ಚಂದ್ರನ ತುಂಬಾ ಹಳೆಯ ಎತ್ತರದ ಸೀಮೆಯಲ್ಲಿ. ಕುಳಿಯ ಮೇಲೆ ಕುಳಿ, ಅದರ ಮೇಲೆ ಇನ್ನೊಂದು. ನವಮಿ, ದಶಮಿಗೆ ಮೊದಲ ಸಲ ನೋಡಿದವರಿಗೆ ದಾರಿಯೇ ತಿಳಿಯುವುದಿಲ್ಲ. ಟೈಕೊವನ್ನು ಗುರುತಿಗೆ ಇಟ್ಟುಕೊಂಡು ಹೊರಟರೆ ಸುಲಭ.

ದಕ್ಷಿಣಕ್ಕೆ ಹೋದರೆ ಕ್ಲೇವಿಯಸ್. ಅಗಲ ಸುಮಾರು 230 ಕಿ.ಮೀ. ಟೈಕೊ ಅದರ ಮುಂದೆ ಚಿಕ್ಕದು. ಕ್ಲೇವಿಯಸ್ ಒಳಗೆ ಒಂದು ಸಾಲು ಕುಳಿಗಳು ಬಿಲ್ಲಿನಂತೆ ಬಾಗಿ ನಿಂತಿವೆ, ದೊಡ್ಡದರಿಂದ ಚಿಕ್ಕದಕ್ಕೆ ಕ್ರಮವಾಗಿ. ಚಿಕ್ಕ ಟೆಲಿಸ್ಕೋಪ್ ಇದ್ದರೂ ಎಣಿಸಬಹುದು, ಮಕ್ಕಳಿಗೆ ಇದು ತುಂಬಾ ಇಷ್ಟ. ಆಗ್ನೇಯಕ್ಕೆ ಮ್ಯಾಜಿನಸ್, ಅಂಚೆಲ್ಲ ಜಜ್ಜಿಹೋದ ಮುದಿ ಕುಳಿ. ನೈಋತ್ಯಕ್ಕೆ ಲಾಂಗೊಮೊಂಟಾನಸ್. ಈ ಹೆಸರಿನವನು ಟೈಕೊ ಬ್ರಾಹೆಯ ಸಹಾಯಕನಾಗಿದ್ದ, ಚಂದ್ರನ ಮೇಲೂ ಯಜಮಾನನ ಪಕ್ಕದಲ್ಲೇ ಜಾಗ ಸಿಕ್ಕಿತು.

ವಾಯವ್ಯಕ್ಕೆ ತಿರುಗಿದರೆ ಸೀಮೆ ಬದಲಾಗುತ್ತದೆ. ಮೋಡಗಳ ಸಮುದ್ರ ಎಂದು ಕರೆಯುವ ಕಪ್ಪು ಲಾವಾ ಬಯಲು ಶುರು. ನೀರಿನ ಸಮುದ್ರ ಅಲ್ಲ, ಹಳೆಯ ಹೆಸರು ಹಾಗೇ ಉಳಿದಿದೆ. ಅದರ ಪೂರ್ವ ಅಂಚಿನ ಹತ್ತಿರ ನೇರ ಗೋಡೆ ಅನ್ನುವ ಬಿರುಕು ಇದೆ. ನೆಲ ಸೀಳಿ, ಒಂದು ಬದಿ ಕುಸಿದು ಆದದ್ದು. ಉದ್ದ ಸುಮಾರು 110 ಕಿ.ಮೀ. ಟೈಕೊದಲ್ಲಿ ಬೆಳಗಾಗುವ ಹೊತ್ತಿಗೇ ಇದೂ ಒಂದು ಕಪ್ಪು ಗೆರೆಯಾಗಿ ಕಾಣುತ್ತದೆ. ಒಂದೇ ರಾತ್ರಿ ಎರಡೂ ನೋಡಬಹುದು.

ಅಲ್ಲಿ ಯಾವುದಾದರೂ ನೌಕೆ ಇಳಿದಿದೆಯಾ?

ಹೌದು, 1968ರ ಜನವರಿ 10ರಂದು ಅಮೆರಿಕದ ಸರ್ವೇಯರ್ 7 ಇಳಿಯಿತು. ಕುಳಿಯೊಳಗೆ ಅಲ್ಲ, ಉತ್ತರದ ಅಂಚಿನಿಂದ ಸುಮಾರು 29 ಕಿ.ಮೀ. ಹೊರಗೆ, ಟೈಕೊ ಎರಚಿದ ಕಲ್ಲುಗಳ ರಾಶಿಯ ಮೇಲೆ. ಮನುಷ್ಯರನ್ನು ಇಳಿಸಲು ಸಮತಟ್ಟಾದ ಜಾಗ ಹುಡುಕುವ ಕೆಲಸವನ್ನು ಹಿಂದಿನ ಸರ್ವೇಯರ್‌ಗಳು ಮುಗಿಸಿದ್ದವು. ಹಾಗಾಗಿ ಕೊನೆಯದನ್ನು ಧೈರ್ಯ ಮಾಡಿ ಇಂಥ ಒರಟು ಜಾಗಕ್ಕೆ, ಬರೀ ವಿಜ್ಞಾನಕ್ಕಾಗಿ ಕಳಿಸಿದರು.

ಅದು ಸುಮಾರು 21,000 ಚಿತ್ರ ಕಳಿಸಿತು. ಮಣ್ಣಿನಲ್ಲಿ ಏನಿದೆ ಎಂದು ಹೇಳುವ ಪೆಟ್ಟಿಗೆಯೊಂದು ಕೆಳಗೆ ಇಳಿಯಬೇಕಿತ್ತು, ಅರ್ಧದಲ್ಲೇ ಸಿಕ್ಕಿಹಾಕಿಕೊಂಡಿತು. ಮಣ್ಣು ಕೆರೆಯಲು ಇಟ್ಟಿದ್ದ ಯಂತ್ರದ ಕೈಯನ್ನೇ ಭೂಮಿಯಿಂದ ನಡೆಸಿ, ಆ ಪೆಟ್ಟಿಗೆಯನ್ನು ಒತ್ತಿ ನೆಲಕ್ಕೆ ಇಳಿಸಿದರು. ಅದೂ 1968ರಲ್ಲಿ! ಲಾವಾ ಬಯಲಿಗಿಂತ ಇಲ್ಲಿ ಕಬ್ಬಿಣ ಕಡಿಮೆ ಎಂದು ಆ ಪೆಟ್ಟಿಗೆ ಹೇಳಿತು. ಚಂದ್ರನ ಎತ್ತರದ ಸೀಮೆಯ ಮಣ್ಣನ್ನು ಅಲ್ಲೇ ಪರೀಕ್ಷಿಸಿದ್ದು ಅದೇ ಮೊದಲು. ಅರಿಜೋನಾ ಮತ್ತು ಕ್ಯಾಲಿಫೋರ್ನಿಯಾದಿಂದ ಬಿಟ್ಟ ಲೇಸರ್ ಬೆಳಕೂ ಅದರ ಕ್ಯಾಮೆರಾದಲ್ಲಿ ಚುಕ್ಕೆಗಳಾಗಿ ಕಂಡಿತು.

ಚಂದ್ರಯಾನ-3 ಇಳಿದ ಜಾಗ ಇಲ್ಲಿಗೆ ಹತ್ತಿರವಾ?

ಇಲ್ಲ. 2023ರ ಆಗಸ್ಟ್ 23ರಂದು ವಿಕ್ರಮ್ ಇಳಿದದ್ದು 69 ಡಿಗ್ರಿ ದಕ್ಷಿಣದಲ್ಲಿ. ಟೈಕೊದಿಂದ ಸುಮಾರು 1000 ಕಿ.ಮೀ. ದೂರ. ಆದರೆ ಎರಡೂ ಎತ್ತರದ ಸೀಮೆಗೇ ಸೇರಿದವು. ಸರ್ವೇಯರ್ 7 ಮಾಡಿದ ಕೆಲಸದ ಮುಂದುವರಿಕೆಯನ್ನೇ, 55 ವರ್ಷದ ಬಳಿಕ ಇನ್ನಷ್ಟು ದಕ್ಷಿಣದಲ್ಲಿ, ಬೆಂಗಳೂರಿನಿಂದ ನಡೆಸಿದ ಪ್ರಜ್ಞಾನ್ ರೋವರ್ ಮಾಡಿತು ಅನ್ನಬಹುದು. ಟೈಕೊ ನೋಡಿದ ಮೇಲೆ ಕ್ಲೇವಿಯಸ್ ದಾಟಿ ಇನ್ನೂ ದಕ್ಷಿಣಕ್ಕೆ, ಸ್ವಲ್ಪ ಪೂರ್ವಕ್ಕೆ ಕಣ್ಣು ಹಾಯಿಸಿ. ಶಿವಶಕ್ತಿ ಪಾಯಿಂಟ್ ಇರುವುದು ಆ ಕಡೆ.

ಟೈಕೊ ಹತ್ತಿರ ನೀರು ಸಿಕ್ಕಿತು ಅನ್ನುತ್ತಾರಲ್ಲ?

ಅದು ಕ್ಲೇವಿಯಸ್ ಸುದ್ದಿ. 2009ರಲ್ಲಿ ಚಂದ್ರಯಾನ-1ರಲ್ಲಿದ್ದ ನಾಸಾದ ಉಪಕರಣ ಚಂದ್ರನ ಮೇಲ್ಮೈಯಲ್ಲಿ ನೀರು ಅಥವಾ ಹೈಡ್ರಾಕ್ಸಿಲ್ (ಒಂದು ಆಕ್ಸಿಜನ್, ಒಂದೇ ಹೈಡ್ರೋಜನ್ ಪರಮಾಣುವಿನ ಜೋಡಿ) ಇರುವ ಸುಳಿವು ಕೊಟ್ಟಿತ್ತು. ಎರಡರಲ್ಲಿ ಯಾವುದು ಅಂತ ಬಿಡಿಸಿ ಹೇಳಲು ಆಗಿರಲಿಲ್ಲ. ವಿಮಾನದೊಳಗೆ ಕೂರಿಸಿದ್ದ ಸೋಫಿಯಾ ಟೆಲಿಸ್ಕೋಪ್ ಕ್ಲೇವಿಯಸ್ ಕಡೆ ನೋಡಿ, ಅಲ್ಲಿ ನೀರಿನ ಅಣುಗಳೇ ಇವೆ ಎಂದು 2020ರಲ್ಲಿ ಖಚಿತಪಡಿಸಿತು. ಪ್ರಮಾಣ ತೀರಾ ಕಡಿಮೆ, ಮಣ್ಣಿನ ಹತ್ತು ಲಕ್ಷ ಭಾಗದಲ್ಲಿ ಕೆಲವು ನೂರು ಭಾಗ. ಕುಡಿಯುವ ನೀರಿನ ಕೆರೆ ಏನೂ ಇಲ್ಲ.

ಗ್ರಹಣದ ಹೊತ್ತಿನಲ್ಲಿ ಟೈಕೊ ನೋಡುವುದಕ್ಕೆ ವಿಶೇಷ ಏನಾದರೂ ಇದೆಯಾ?

ಇದೆ. ಗ್ರಹಣ ಹಿಡಿದಾಗ ಬಿಸಿಲು ತಪ್ಪಿ ಚಂದ್ರನ ನೆಲ ಬೇಗ ತಣ್ಣಗಾಗುತ್ತದೆ. 1960ರ ಗ್ರಹಣದಲ್ಲಿ ಶಾಖ ಅಳೆದವರಿಗೆ ಟೈಕೊ ತನ್ನ ಸುತ್ತಲಿನ ಜಾಗಕ್ಕಿಂತ ಬೆಚ್ಚಗೆ ಉಳಿದದ್ದು ಕಂಡಿತು. ಅಲ್ಲಿ ಇನ್ನೂ ಪುಡಿಯಾಗದ ದೊಡ್ಡ ಬಂಡೆಗಳು ಜಾಸ್ತಿ. ಧೂಳು ಬೇಗ ಆರುತ್ತದೆ, ಬಂಡೆ ನಿಧಾನವಾಗಿ. ಶಾಖ ನಮ್ಮ ಕಣ್ಣಿಗೆ ಕಾಣುವುದಿಲ್ಲ, ನಿಜ. ಆದರೆ ಭೂಮಿಯ ನೆರಳಿನ ಅಂಚು ಟೈಕೊವನ್ನು ಎಷ್ಟು ಗಂಟೆಗೆ ಮುಟ್ಟಿತು, ಎಷ್ಟಕ್ಕೆ ಪೂರ್ತಿ ನುಂಗಿತು ಎಂದು ಗಡಿಯಾರ ಹಿಡಿದು ಬರೆದುಕೊಳ್ಳಬಹುದು. ಹವ್ಯಾಸಿಗಳು ಬಹಳ ಕಾಲದಿಂದ ಮಾಡುತ್ತಾ ಬಂದಿರುವ ಕೆಲಸ ಇದು, ಬೈನಾಕ್ಯುಲರ್ ಇದ್ದರೆ ಯಾರು ಬೇಕಾದರೂ ಮಾಡಬಹುದು.

ನೋಡಲು ಏನು ಬೇಕು? ಫೋನಿನಲ್ಲಿ ಫೋಟೋ ಬರುತ್ತದಾ?

ಗೆರೆಗಳಿಗೆ 7×50 ಅಥವಾ 10×50 ಬೈನಾಕ್ಯುಲರ್ ಸಾಕು. ಕೈ ನಡುಗದಂತೆ ಮೊಣಕೈಯನ್ನು ಕಾಂಪೌಂಡ್ ಗೋಡೆಗೆ ಊರಿಕೊಳ್ಳಿ. ನಡುವಿನ ಬೆಟ್ಟ, ಮೆಟ್ಟಿಲುಗಳಿಗೆ ಲೆನ್ಸ್ ಅಥವಾ ಕನ್ನಡಿಯ ಅಗಲ 3 ಅಥವಾ 4 ಇಂಚು ಇರುವ ಟೆಲಿಸ್ಕೋಪ್ ಬೇಕು. ಊರಿನ ದೀಪಗಳ ಚಿಂತೆ ಬೇಡ, ನಗರದ ಮಧ್ಯದಿಂದಲೂ ಚಂದ್ರ ಚೆನ್ನಾಗಿಯೇ ಕಾಣುತ್ತಾನೆ. ಹುಣ್ಣಿಮೆಗೆ ಕಣ್ಣು ಕುಕ್ಕುತ್ತದೆ, ಆದರೆ ಕಣ್ಣಿಗೆ ಹಾನಿ ಏನಿಲ್ಲ.

ಫೋಟೋಗೆ ಫೋನಿನ ಕ್ಯಾಮೆರಾವನ್ನು ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವ ಐಪೀಸ್‌ಗೆ ನೇರವಾಗಿ ಹಿಡಿಯಿರಿ. ಪರದೆಯ ಮೇಲೆ ಟೈಕೊವನ್ನೇ ಮುಟ್ಟಿ ಫೋಕಸ್ ಮಾಡಿ, ಬೆಳಕನ್ನು ಚೆನ್ನಾಗಿ ತಗ್ಗಿಸಿ. ಇಲ್ಲದಿದ್ದರೆ ಬರೀ ಬಿಳಿ ಬಿಲ್ಲೆ ಬರುತ್ತದೆ. ನವಮಿಗೆ ಒಂದು, ಹುಣ್ಣಿಮೆಗೆ ಒಂದು ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ಜಾಗ ಅಂತ ಮನೆಯವರು ಸುಲಭಕ್ಕೆ ಒಪ್ಪುವುದಿಲ್ಲ.